ಒಳಗಡೆಯ ಟೈರು

ನಂಗಲಿ
9 ಫೆಬ್ರವರಿ 2025

ಗೆಳೆಯ ಆವಲಪ್ಪನಿಗೆ ಗೌಸ್ ಮೊಹಿದ್ದೀನನ ಸಲಾಮು.

ಮುಂಚೆ ನೀನು ವಾರಕ್ಕೆರಡು ಸಲ ಎದುರಿಗೇ ಸಿಗುತ್ತಿದ್ದೆ. ಈ ಏಳು ತಿಂಗಳಲ್ಲಿ ನಿನ್ನ ಒಂದು ಫೋನನ್ನೂ ನಾನು ಎತ್ತಿಲ್ಲ. ಬೈದುಕೋ, ಬೇಡ ಅನ್ನುವುದಿಲ್ಲ. "ಆವಲಪ್ಪಣ್ಣನ ಫೋನು ಬಡ್ಕೊತಾನೇ ಐತೆ, ಎತ್ತಕ್ಕೇನ್ರೀ ನಿಮ್ಗೆ ರೋಗ?" ಎಂದು ನಮ್ಮನೆಯವಳು ಅಸ್ಗರಿ ನನ್ನ ಮುಂದೆ ಬಂದು ನಿಂತು ರೇಗುತ್ತಾಳೆ. ಏನೋ ಒಂದು ಸಬೂಬು ಹೇಳುತ್ತೇನೆ. ಬೈರಕೂರು ಶಾಲೆಯಲ್ಲಿ ನಿನ್ನ ಪಕ್ಕ ಕೂತು ಕಲಿತ ಅಕ್ಷರ ಇವತ್ತು ಕೆಲಸಕ್ಕೆ ಬಂತು ನೋಡು.

ಹೆದ್ದಾರಿ ಪಕ್ಕದ ನನ್ನ ಪಂಕ್ಚರ್ ಅಂಗಡಿ ಹಾಗೇ ಇದೆ. ಚೆನ್ನೈಗೆ ಟೊಮೇಟೊ ಹೊರುವ ಲಾರಿಗಳು ಮೊಗಿಲಿ ಘಟ್ಟ ಇಳಿಯುವ ಮುಂಚೆ ಈಗಲೂ ಇಲ್ಲಿ ನಿಲ್ಲುತ್ತವೆ. ಸುತ್ತಿಗೆಯಲ್ಲಿ ಟೈರು ಬಡಿದು, "ಗಟ್ಟಿಗೈತೆ, ಹೋಗು" ಎಂದು ನಾನು ಅಂದ ಮೇಲೇ ಅಲ್ಲವೇ ನೀವೆಲ್ಲ ಹೊರಡುತ್ತಿದ್ದದ್ದು? ಗಾಳಿ ತುಂಬಿದ್ದರೆ ಠಣ್, ಇಳಿದಿದ್ದರೆ ದಬ್. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಡೆಯದು ಹೊರಗಿನದರ ಮರೆಯಲ್ಲಿರುತ್ತದೆ, ಅದನ್ನು ಕಿವಿಯೇ ಹೇಳಬೇಕು. ಈಗ ಬಡಿಯುವುದು ಬಿಟ್ಟೆ, ಗಾಳಿ ನೋಡುವ ಮೀಟರು ತಂದಿದ್ದೇನೆ. "ಏನ್ ಸಾಬ್ರೇ, ಸುತ್ತಿಗೆ ಗುಜರಿಗೆ ಹಾಕಿಬಿಟ್ರಾ?" ಎಂದು ಡ್ರೈವರ್ ಕದಿರೇಶ್ ರೇಗಿಸುತ್ತಾನೆ.

ಮೊನ್ನೆ ನಿನ್ನ ಮಗ ಉಮೇಶ್ ಬಂದಿದ್ದ. ಏಳು ತಿಂಗಳ ಹಿಂದೆ ಘಟ್ಟದಲ್ಲಿ ಟೈರು ಸಿಡಿದು ನಿನ್ನ ಲಾರಿ ಮಗುಚಿ, ಜೊತೆಗಿದ್ದ ನಿನ್ನ ಬಾಮೈದ ನರಸಿಂಹಪ್ಪ ಹೋದಂದಿನಿಂದ ನೀನು ಸ್ಟೇರಿಂಗ್ ಮುಟ್ಟಿಲ್ಲವಂತೆ. ರಾಮಲಕ್ಷ್ಮಮ್ಮ ತಟ್ಟೆ ಇಟ್ಟು ಮಾತಾಡದೆ ಎದ್ದು ಹೋಗುತ್ತಾಳಂತೆ.

"'ನಿನ್ ಸ್ಪೀಡೇ ನನ್ ತಮ್ಮನ್ನ ತಿಂತು' ಅಂದ್ಲು ಮಾಮ, ಅದೇ ಅಮ್ಮ ಆಡಿದ್ ಕೊನೇ ಮಾತು. ಅಪ್ಪಾನೂ ಹೌದು ಅಂತಾರೆ. 'ಗೌಸ್ ಬಡಿದು ನೋಡಿದ್ ಟೈರು ಕಣೋ ಅದು, ಸುಮ್ಸುಮ್ನೆ ಸಿಡೀತದಾ? ತಪ್ಪು ನಂದೇ' ಅಂತಾರೆ" ಎಂದ.

ಲೇ, ನೀನ್ಯಾಕೋ ಹೌದು ಅಂದೆ? ಮೂವತ್ತು ವರ್ಷ ಆ ಘಟ್ಟ ಇಳಿದವನು, ಒಂದು ದಿನವಾದರೂ ತಿರುವಿನಲ್ಲಿ ಗೇರ್ ಇಳಿಸದೆ ಹೋಗಿದ್ದೀಯಾ? ಉಮೇಶ್ ಹೋದ ಮೇಲೆ ನನಗೆ ಊಟ ಸೇರಲಿಲ್ಲ.

ನಿನ್ನ ಮಂಡಿನೋವಿಗೆಂದು ಅಸ್ಗರಿ ಎಣ್ಣೆ ಕಾಸಿ ಇಟ್ಟಿದ್ದಾಳೆ. ನಿನ್ನ ಮನೆಯಲ್ಲಿ ಮತ್ತೆ ಮಾತುಕತೆ ಆಗಲಿ, ಅಲ್ಲಾ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ಗೌಸ್

ವಿ.ಸೂ.: ಇದು ಮರೆತು ಉಳಿದ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನನ್ನ ಎರಡೂ ಕಿವಿ ಹೋಗಿ ಎರಡು ವರ್ಷವಾಯಿತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತೇನೆ. ಕಿವುಡನ ಹತ್ತಿರ ಯಾರು ಲಾರಿ ನಿಲ್ಲಿಸುತ್ತಾರೆ ಎಂಬ ಭಯಕ್ಕೆ ಅಸ್ಗರಿಗೂ ಹೇಳಲಿಲ್ಲ. ಅವತ್ತು ನಿನ್ನ ಲಾರಿಯ ಒಳಗಡೆಯ ಟೈರನ್ನೂ ಬಡಿದೆ. ಠಣ್ ಅಂತೋ, ದಬ್ ಅಂತೋ, ನನಗೆ ಗೊತ್ತಿಲ್ಲ. ಆದರೂ "ಗಟ್ಟಿಗೈತೆ, ಹೋಗು" ಅಂದುಬಿಟ್ಟೆ. ಸಿಡಿದದ್ದು ಅದೇ ಟೈರು.

ಈ ಕಾಗದವನ್ನು ರಾಮಲಕ್ಷ್ಮಮ್ಮನಿಗೆ ಓದಿ ಹೇಳು. ಆಮೇಲೆ ಇಬ್ಬರೂ ಬನ್ನಿ, ಎದುರಿಗೆ ನಿಂತು ಬೈಯಿರಿ. ಫೋನಿನಲ್ಲಿ ಬೈದರೆ ನನಗೆ ಕೇಳಿಸುವುದಿಲ್ಲ.