ಬಜಾರು ಚಂದ ಮಾಡಿದವನಿಗೆ

ರಾಯದುರ್ಗ
18 ನವೆಂಬರ್ 2024

ತಮ್ಮ ಶಿವರಾಮನಿಗೆ ಅಕ್ಕ ಹಂಪಕ್ಕ ಬರೆಯೋದು,

ಇಲ್ಲಿ ನಾನೂ ನಿಮ್ಮ ಭಾವನೂ ಆರಾಮ ಅದೀವಿ. ನೀನು, ಶ್ರಾವಣಿ, ಮಗು ಆರಾಮ ಇದ್ದೀರಿ ಅಂದ್ಕೊಂಡೀನಿ. ವಾಟ್ಸಾಪ್‌ನಾಗ ನೀನು ಕೇಳಿದ್ದಕ್ಕ ಉತ್ತರ ಕೊಡೋದು ತಡ ಆತು, ಬೇಜಾರು ಮಾಡ್ಕೋಬ್ಯಾಡ. ತಡ ಆಗಿದ್ದಕ್ಕಷ್ಟೇ ಈ ಮಾತು. ಮಡಕಶಿರದ ಸಭೆಯಾಗ ನಾನು ಆಡಿದ್ದಕ್ಕಲ್ಲ. ಫೋನಿನಾಗ ಹೇಳೋಣ ಅಂದ್ರ ನೀನು "ಸೈಟ್‌ನಾಗ ಅದೀನಿ" ಅಂತ ಕಟ್ ಮಾಡ್ತಿ. ಅದಕ್ಕ ಕಾಗದ.

"ಅಷ್ಟು ಮಂದಿ ಮುಂದ ನನ್ನ ಮರ್ಯಾದೆ ಯಾಕ ತೆಗದಿ? ನಿನ್ನ ಕರೆಸಿದ್ದ ತಪ್ಪಾತು" ಅಂತ ಬರದಿದ್ದಿ. ಹೌದು, ತಪ್ಪಾತು. ಕರೆಯೋಕಿಂತ ಮುಂಚೆ ಒಂದು ಸಾಯಂಕಾಲ ನಮ್ಮ ಹೊಲಿಗೆ ಅಂಗಡ್ಯಾಗ ಬಂದು ಕೂತಿದ್ರ, ನೀನು ನನ್ನ ಕರೀತಿರಲಿಲ್ಲ.

ಹಳೇ ಬಜಾರಿನ ಕೆಲಸ ನಿನ್ನ ಕಂಪನಿಗೆ ಸಿಕ್ಕಾಗ ನಮಗೆಲ್ಲ ಖುಷಿನ ಆಗಿತ್ತು. ನಿಮ್ಮ ಭಾವ ಬಂದ ಬಂದ ಗಿರಾಕಿಗೆಲ್ಲ "ನಮ್ಮ ಶಿವರಾಮನ ಪ್ಲಾನು" ಅಂತ ಹೇಳಿದ್ದ ಹೇಳಿದ್ದು. ಆಮ್ಯಾಲೆ ನೀನು ಲಗ್ನದ ಸೀಜನ್ನಿನಾಗ ಬೀದಿಯ ಎರಡೂ ಬಾಜು ಒಮ್ಮೆಲೇ ಅಗಸಿದಿ. "ಒಂದು ಬಾಜು ಮೊದಲು ಮುಗಿಸೋ, ಈ ಕಡೆಯವರಾದ್ರೂ ಬಾಗಿಲು ತೆಗೀತಾರ" ಅಂದೆ. "ಅಕ್ಕ, ನಿನಗ ತಿಳಿಯಂಗಿಲ್ಲ, ಮಷಿನ್ ಬಾಡಿಗೆ ಹೆಚ್ಚಾಕ್ಕೈತಿ" ಅಂದಿ. ಬೆಳುಗುಪ್ಪದ ಮಂದಿ ಲಗ್ನದ ಬಟ್ಟೆ ಬ್ಯಾರೆ ಕಡೆ ಹೊಲಿಸಿಕೊಂಡ್ರು. ಒಂದು ಸಲ ಬ್ಯಾರೆ ಟೈಲರಿಗೆ ಅಳತೆ ಕೊಟ್ಟವರು ತಿರುಗಿ ಬರೋದು ಅಷ್ಟು ಸುಲಭ ಅಲ್ಲ.

ಕೆಲಸ ಮುಗಿದ ಮ್ಯಾಲೆ ಕಮಾನು ಬಂತು, ಬಣ್ಣದ ಕಲ್ಲು ಬಂತು, ಹೂವಿನ ಕುಂಡ ಬಂತು. ಗಾಡಿ ಬರಬಾರದು ಅಂತ ಕಬ್ಬಿಣದ ಕಂಬ ನೆಟ್ಟಿ. ಮೂಲೆಯಾಗ ನಿಲ್ಲತಿದ್ದ ಆಟೋಗಳೆಲ್ಲ ಬೈಪಾಸಿಗೆ ಹೋದುವು. ಕಣೇಕಲ್ಲಿನ ಹೆಣ್ಮಗಳು ಬಗಲಾಗ ಕೂಸು, ತಲೆ ಮ್ಯಾಲೆ ಬಟ್ಟೆ ಗಂಟು ಇಟ್ಕೊಂಡು, ಆ ಬಿಸಿಲಾಗ ನಿನ್ನ ಕಮಾನು ನೋಡಾಕ ನಡಕೊಂಡು ಬರಬೇಕೇನು? ಎದುರಂಗಡಿ ಭುವನಾ, ನಾನು ಇಬ್ಬರೂ "ಹೆಂಗಸರಿಗೆ ಒಂದು ಕಕ್ಕಸು ಕಟ್ಟಸು" ಅಂತ ಕೇಳಿದ್ವಿ. "ಕಮಾನಿನ ಬಾಜು ಅದು ಚಂದ ಕಾಣಂಗಿಲ್ಲ" ಅಂದಿ. ಮಾಳಿಗೆ ಮ್ಯಾಲಿನ ಮನೆಗಳ ಮೆಟ್ಟಿಲು ಬೀದಿಗೆ ಚಾಚ್ಯಾವ ಅಂತ ಒಡಸಿದಿ. ಮ್ಯಾಲಿದ್ದವರು ಮನೆ ಖಾಲಿ ಮಾಡಿದ್ರು. ಅವರಿದ್ದಾಗ ಸಂಜಿ ಆದ ಮ್ಯಾಲೂ ಹಾಲು, ಹೂವು, ಮೊಸರು ಅಂತ ಬೀದಿಯಾಗ ಮಂದಿ ಓಡಾಡತಿದ್ರು. ಈಗ ನಿನ್ನ ದೀಪ ಉರೀತಾವ, ಕೆಳಗ ನಾಯಿ ಮಲಗಿರ್ತಾವ. ಗೋಪಣ್ಣ ಹೋಟೆಲ್ ಮುಚ್ಚಿ ಬೈಪಾಸಿನಾಗ ತಳ್ಳೋ ಗಾಡಿ ಇಟ್ಟಾನ. ಅವನ ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿನ್ನಾಕ ಬಂದವರೇ ನಮ್ಮ ಅಂಗಡಿಗೂ ಇಣುಕತಿದ್ರು.

ಸುಳ್ಳು ಯಾಕ ಹೇಳಲಿ, ಗಟಾರ ಮುಚ್ಚಿಸಿದ್ದು ಒಳ್ಳೇದಾತು. ಈಗ ನಾತ ಇಲ್ಲ, ಮಳಿ ಬಂದ್ರ ಅಂಗಡಿಯೊಳಗ ನೀರು ಬರಂಗಿಲ್ಲ. ಅದನ್ನ ಸಭೆಯಾಗೂ ಹೇಳೀನಿ. ನಿನ್ನ ಕಿವಿಗೆ ಅದು ಬೀಳಲಿಲ್ಲ.

"ಮಡಕಶಿರದ ಬಜಾರಿನ ಕೆಲಸ ಬರೋ ಹಂಗೈತಿ, ಅಂಗಡಿಯವರು ತಕರಾರು ಮಾಡ್ತಾರ, ನೀನು ಬಂದು ವ್ಯಾಪಾರ ಹೆಚ್ಚಾಗೈತಿ ಅಂತ ನಾಲ್ಕು ಮಾತು ಹೇಳು" ಅಂದಾಗ ಹೂಂ ಅಂದೆ. ಬಸ್ಸಿನಾಗ ಕೂತಾಗಲೂ ಒಡಹುಟ್ಟಿದವನ ಸಲುವಾಗಿ ಗಟಾರದ ಮಾತಷ್ಟು ಆಡಿ ಬಂದ್ರಾತು ಅಂತನ ಇದ್ದೆ.

ಆದರ ನೀನು ಪರದೆ ಮ್ಯಾಲೆ ನಮ್ಮ ಬಜಾರಿನ ಫೋಟೋ ಹಾಕಿ, "ದಿನಾ ಸಂಜೆ ಹೀಗೇ ತುಂಬಿರುತ್ತೆ" ಅಂದಿ. ಅಲ್ಲಿನ ಸ್ಟೀಲ್ ಪಾತ್ರೆ ಅಂಗಡಿಯ ಬನಶಂಕರಮ್ಮ ಎದ್ದು ನಿಂತ್ಲು. "ಅಲ್ಲ ಕಣಪ್ಪ, ಎಲ್ಲಾರೂ ಒಂದೇ ಕಡೆ ನೋಡ್ಕೊಂಡು ನಿಂತವ್ರೆ. ಒಬ್ರ ಕೈಯಾಗೂ ಚೀಲ ಇಲ್ವಲ್ಲ. ಇದ್ಯಾವ ಸಂತೆ?" ಅಂದ್ಲು. ಮಂದಿ ನಕ್ಕರು. ನೀನು ನನ್ನ ಕಡೆ ಕೈ ಮಾಡಿ, "ಇವರು ಅಲ್ಲೇ ಅಂಗಡಿ ಇಟ್ಟಿದ್ದಾರೆ, ಇವರನ್ನೇ ಕೇಳಿ" ಅಂದಿ.

ಕೇಳಿದ್ರು, ಹೇಳಿದೆ. ಅದು ಉದ್ಘಾಟನೆ ದಿನದ ಫೋಟೋ ಅಂತ ಹೇಳಿದೆ. ಆಮ್ಯಾಲೆ ಬಜಾರು ಖಾಲಿ ಬಿದ್ದಿದ್ದೂ ಹೇಳಿದೆ.

"ಹಂಗಾರೆ ಈ ಕೆಲ್ಸನೇ ಬ್ಯಾಡ ಅನ್ಬೇಕೇನಮ್ಮ?" ಅಂತ ಬನಶಂಕರಮ್ಮ ಕೇಳಿದ್ಲು.

"ಬ್ಯಾಡ ಅನಬ್ಯಾಡ್ರಿ" ಅಂದೆ. "ಗಟಾರ ಮಾಡಸ್ರಿ, ಹೆಂಗಸರ ಕಕ್ಕಸು ಮೊದಲು ಕಟ್ಟಸ್ರಿ. ಒಂದು ಬಾಜು ಮುಗಿಯೋತನಕ ಇನ್ನೊಂದು ಬಾಜು ಮುಟ್ಟಾಕ ಬಿಡಬ್ಯಾಡ್ರಿ. ಗುಡಿಬಂಡೆ ಆಟೋ ಈಗ ಎಲ್ಲಿ ನಿಲ್ಲತೈತೋ ಅಲ್ಲೇ ನಿಲ್ಲಲಿ. ಮಾಳಿಗೆ ಮ್ಯಾಲಿನವರನ್ನ ಎಬ್ಬಸಬ್ಯಾಡ್ರಿ."

ನೀನು ಪೆನ್ನು ಮುಚ್ಚಿ ಎದ್ದು ಹೋದಿ. ನನಗ ಬಸ್‌ಸ್ಟ್ಯಾಂಡಿನ ದಾರಿ ತೋರಿಸಿದವಳು ಬನಶಂಕರಮ್ಮ. ಮೊನ್ನೆ ಆಕಿನ ಫೋನ್ ಮಾಡಿದ್ಲು. ಕೆಲಸ ಒಂದೊಂದೇ ಬಾಜು ಮಾಡ್ತಾರಂತ, ಆಟೋ ಜಾಗ ಕದಲಂಗಿಲ್ಲಂತ, ಎಂಜಿನಿಯರು ಮಾತ್ರ ಬ್ಯಾರೆಯವರಂತ. ನಿನ್ನ ಕೈಯಿಂದ ಆ ಕೆಲಸ ಹೋತು ಅಂತ ಕೇಳಿ ನನಗ ಸಂತೋಷ ಆಗಲಿಲ್ಲ. ಅಳುನೂ ಬರಲಿಲ್ಲ.

ಇಲ್ಲಿ ನಾವೆಲ್ಲ ಮುನ್ಸಿಪಾಲ್ಟಿ ಆಫೀಸಿಗೆ ಅಲೆದು ಅಲೆದು, ಈ ತಿಂಗಳಿಂದ ಮಧ್ಯಾಹ್ನದತನಕ ಆಟೋ ಮೂಲೆಗೆ ಬಿಡಾಕತ್ಯಾರ. ನಿನ್ನ ಕಂಬ ಒಂದು ಕಿತ್ತಾರ. ನಿನ್ನೆ ಬೆಳುಗುಪ್ಪದಿಂದ ಇಬ್ಬರು ಹೆಣ್ಮಕ್ಕಳು ಕುಪ್ಪಸದ ಬಟ್ಟೆ ತಂದಿದ್ರು. ಗೋಪಣ್ಣ ಮಾತ್ರ ತಿರುಗಿ ಬರಂಗಿಲ್ಲ ಅಂತಾನ.

ಶ್ರಾವಣಿಗೆ, ಮಗುವಿಗೆ ನನ್ನ ಆಶೀರ್ವಾದ ಹೇಳು. ಸಂಕ್ರಾಂತಿಗೆ ಅವರಿಬ್ಬರನ್ನೂ ಕಳಸು. ನೀನು ಬರೋದು ಬಿಡೋದು ನಿನಗ ಬಿಟ್ಟಿದ್ದು. ದೇವರು ನಿನಗ ಕೈತುಂಬ ಕೆಲಸ ಕೊಡಲಿ, ನಮ್ಮೂರು ಬಿಟ್ಟು ಎಲ್ಲಾದ್ರೂ.

ನಿನ್ನ ಅಕ್ಕ
ಹಂಪಕ್ಕ

ತಾ.ಕ.: ಆಟೋ, ಮೆಟ್ಟಿಲು ಇಷ್ಟೇ ಆಗಿದ್ರ ನಾನು ಸಭೆಯಾಗ ಬಾಯಿ ಮುಚ್ಕೊಂಡು ಕೂತು, ಹೊರಗ ಬಂದ ಮ್ಯಾಲೆ ನಿನ್ನ ಬೈತಿದ್ದೆ. ಉದ್ಘಾಟನೆ ದಿನ ನಿನಗ ಆರತಿ ಎತ್ತಬೇಕು ಅಂತ ತಟ್ಟೆ ಹಿಡಕೊಂಡು ಅಂಗಡಿ ಬಾಗಿಲಾಗ ನಿಂತಿದ್ದೆ. ನಿನ್ನ ಜೊತೆ ಬಂದಿದ್ದ ದೊಡ್ಡ ಸಾಹೇಬರು ನನ್ನ ನೋಡಿ "ಎವರು ಈವಿಡ?" ಈಕಿ ಯಾರು ಅಂತ ತೆಲುಗಿನಾಗ ಕೇಳಿದ್ರು. ನೀನು ನನ್ನ ಮುಖ ನೋಡಿಕೊಂತನ "ಎವರೋ ಟೈಲರಮ್ಮ ಸಾರ್" ಅಂದಿ. ಯಾರೋ ಅಂದಿ. ಒಳಗ ಕತ್ತರಿ ಹಿಡಕೊಂಡು ನಿಂತಿದ್ದ ನಿಮ್ಮ ಭಾವನೂ ಕೇಳಿಸ್ಕೊಂಡ್ರು. ಅವತ್ತಿನಿಂದ ಅವರು ನಿನ್ನ ಹೆಸರು ಎತ್ತಿಲ್ಲ. ಸಾಹೇಬರ ಮುಂದ ಗಡಿಬಿಡಿಯಾಗಿ ನಿನಗ ತೆಲುಗು ಬಾಯಿಗೆ ಬರಲಿಲ್ಲೇನೋ ಅಂತ ಎಷ್ಟೋ ದಿನ ನನಗ ನಾನೇ ಸಮಾಧಾನ ಹೇಳ್ಕೊಂಡೆ. ಆದರ ಶಿವರಾಮ, ಅಕ್ಕಗ ತೆಲುಗಿನಾಗೂ ಅಕ್ಕ ಅಂತನ ಅಂತಾರ.