ಚೌರಿ, ಸ್ಪ್ರೇ ಮತ್ತು ನಿಮ್ಮ ಮಂಟಪದ ಫಲಕ

ಕನಕಪುರ ರಸ್ತೆಯ ಕಲ್ಯಾಣ ಮಂಟಪದ ಮಾನ್ಯ ಆಡಳಿತಾಧಿಕಾರಿಗಳೇ,

ತೊಂಬತ್ತೆಂಟರ ಬೇಸಿಗೆಯ ಮದುವೆಯೊಂದರಲ್ಲಿ ನಿಮ್ಮ ಬಚ್ಚಲುಮನೆಯಲ್ಲಿ ಸಿಕ್ಕಿತಲ್ಲ, ಆ ಮೊಳದುದ್ದದ ಕೂದಲು, ಅದು ವಧುವಿನದಲ್ಲ. ಅದು ಚೌರಿ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಕೊಂಡದ್ದು. ಅದನ್ನು ಆ ಹುಡುಗಿಯ ತಲೆಗೆ ಕಟ್ಟಿದವಳು ನಾನು. ಇಷ್ಟು ವರ್ಷ ಈ ಮಾತನ್ನು ಬಚ್ಚಿಟ್ಟಿದ್ದೆ. ಸುಳ್ಳು ಹೇಳಲು ಬಾರದೆ ಒಂಬತ್ತನೇ ತರಗತಿಯ ಮೇಷ್ಟ್ರೊಂದಿಗೆ ಜಗಳವಾಡಿ ಶಾಲೆ ಬಿಟ್ಟವಳು ನಾನು. ಅಂಥವಳಿಗೆ ಒಂದು ಚೌರಿಯನ್ನು ಇಷ್ಟು ಕಾಲ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವುದು ಎಷ್ಟು ಕಷ್ಟವಾಗಿರಬೇಕು, ನೀವೇ ಯೋಚಿಸಿ.

ಆ ಮದುವೆಯ ಮರುದಿನ ನಿಮ್ಮ ಗೇಟಿನಲ್ಲಿ ಒಂದು ಫಲಕ ಎದ್ದಿತು. ‘ಕೂದಲಿಗೆ ರಾಸಾಯನಿಕ ಸಿಂಪಡಿಸುವ ಬ್ಯೂಟಿ ಪಾರ್ಲರಿನವರಿಗೆ ಪ್ರವೇಶವಿಲ್ಲ.’ ಓದಿದವರಿಗೆ ನಾವೇನೋ ಹೆಗಲಿಗೆ ಪಂಪು ಕಟ್ಟಿಕೊಂಡು ಹತ್ತಿ ಹೊಲಕ್ಕೆ ಇಳಿಯುವವರು ಎನಿಸಬೇಕು. ಫಲಕದಲ್ಲಿ ಯಾರ ಹೆಸರೂ ಇಲ್ಲ, ನಿಜ. ಆದರೆ ನಿಮ್ಮ ಕಾವಲುಗಾರನಿಗೆ ನೀವು ತೋರಿಸಿಕೊಟ್ಟಿರುವ ಮುಖ ಒಂದೇ. ಸಾರಕ್ಕಿ ಮಾರ್ಕೆಟ್ಟಿನ ಹಿಂದೆ ಪಾರ್ಲರ್ ಇಟ್ಟಿರುವ, ನನಗೆ ಕೆಲಸ ಕೊಟ್ಟ ಇಂದ್ರಾಣಿ ಅಕ್ಕನದು. ಉಳಿದ ಪಾರ್ಲರಿನವರು ಅದೇ ಸ್ಪ್ರೇ ಬಾಟಲಿಯನ್ನು ಸೀರೆಯ ಬ್ಯಾಗಿನೊಳಗೆ ಇಟ್ಟುಕೊಂಡು, ಅದೇ ಕಾವಲುಗಾರನಿಗೆ ನಮಸ್ಕಾರ ಹೇಳಿ ಒಳಗೆ ಹೋಗುತ್ತಾರೆ. ಅಕ್ಕ ಬರಿಗೈಯಲ್ಲಿ ಅಕ್ಷತೆ ಹಾಕಲು ಬಂದರೂ ಅವನು ಎದ್ದು ನಿಲ್ಲುತ್ತಾನೆ. ಗೌರವಕ್ಕಲ್ಲ.

ನಿಮ್ಮ ಮಂಟಪವೇ ಅಕ್ಕನ ಪಾರ್ಲರಿನ ಅರ್ಧ ಜೀವವಾಗಿತ್ತು. ಜರಗನಹಳ್ಳಿಯ ಹಳೇ ಮನೆತನದವರ ಮದುವೆಯೆಲ್ಲ ಅಲ್ಲೇ, ವಧುವಿಗೆ ಸಿಂಗಾರ ಅಕ್ಕನದೇ. ಫಲಕ ಎದ್ದ ಮೇಲೆ ಸುತ್ತಲಿನ ಮಂಟಪದವರೂ ‘ಓ, ಕೂದಲು ಕತ್ತರಿಸೋ ಹಾಗೆ ಮಾಡಿದ್ರಲ್ಲ, ಅವ್ರಾ?’ ಎಂದು ಕೇಳತೊಡಗಿದರು. ಈಗ ಅಕ್ಕ ಹುಬ್ಬು ತೀಡುತ್ತಾಳೆ, ಮಕ್ಕಳ ಕೂದಲು ಕತ್ತರಿಸುತ್ತಾಳೆ. ಮದುವೆಯ ಜಡೆ ಹೆಣೆದ ಕೈ ಸುಮ್ಮನೆ ಕುಳಿತಿದೆ. ಮಾನ್ಯರೇ, ಒಂದು ತಪ್ಪಿಗೆ ಶಿಕ್ಷೆ ಕೊಡುವ ಮೊದಲು ತಪ್ಪು ನಡೆದಿದೆಯೋ ಇಲ್ಲವೋ ಎಂದು ನೋಡುವ ಪದ್ಧತಿ ನಿಮ್ಮ ಮಂಟಪದಲ್ಲಿ ಇಲ್ಲವೇ? ಅಥವಾ ಅದಕ್ಕೂ ಮುಂಗಡ ಬುಕಿಂಗ್ ಮಾಡಿಸಬೇಕೇ?

ನಡೆದದ್ದು ಇದು. ಹೆಣ್ಣು ನೋಡಲು ಬಂದ ದಿನ ಗಂಡಿನ ತಾಯಿ ಹುಡುಗಿಯ ಜಡೆ ಬಿಚ್ಚಿಸಿ, ಬೆನ್ನ ಮೇಲೆ ಹರಡಿಸಿ ನೋಡಿ, ಒಪ್ಪಿಗೆ ಎಂದಿದ್ದರಂತೆ. ಹುಡುಗಿಯನ್ನೋ ಕೂದಲನ್ನೋ ಒಪ್ಪಿದ್ದು ಎಂದು ಯಾರೂ ಕೇಳಲಿಲ್ಲ. ನಿಶ್ಚಿತಾರ್ಥವಾದ ಮೇಲೆ ಅವಳಿಗೆ ಟೈಫಾಯ್ಡ್ ಬಂತು. ಜ್ವರ ಹೋಗುವಾಗ ಕೂದಲನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಭುಜದವರೆಗೆ, ಅದೂ ಎಳೆ ಎಣಿಸುವ ಹಾಗೆ. ಹುಡುಗಿಯ ತಾಯಿ ಅಕ್ಕನ ಪಾರ್ಲರಿಗೆ ಬಂದು ಬಾಗಿಲು ಹಾಕಿಸಿ ಅತ್ತರು. “ಗಂಡಿನ ಕಡೆಯೋರಿಗೆ ಗೊತ್ತಾಗ್ಬಾರ್ದು ಇಂದ್ರಾಣಿ. ಮದ್ವೆ ಮುಗೀಲಿ ಸಾಕು.” ಅಕ್ಕ ಚೌರಿ ತರಿಸಿದಳು. ಧಾರೆಯ ಹಿಂದಿನ ದಿನ, ರಿಸೆಪ್ಷನ್ನಿನ ಸಂಜೆ ನಾನು ಕಟ್ಟಿದೆ. ನಿಮ್ಮ ಸಭಾಂಗಣದ ಫ್ಯಾನುಗಳು ಹೇಗೆ ಬೀಸುತ್ತವೆಂದು ನಿಮಗೆ ಗೊತ್ತಲ್ಲ, ಫೋಟೊಗ್ರಾಫರನ ಬಟ್ಟೆ ಪರದೆಯೇ ಹಾರುತ್ತದೆ. ಚೌರಿ ಜಾರೀತೆಂದು ಹೆದರಿ ಬುಡಕ್ಕೆ ಸ್ಪ್ರೇಯನ್ನು ಧಾರಾಳವಾಗಿಯೇ ಹೊಡೆದೆ. ಇದು ನನ್ನದೇ ಕೈ, ಒಪ್ಪುತ್ತೇನೆ.

ಈ ಸ್ಪ್ರೇ ಎಂದರೆ ಏನು ಎಂದು ನೀವು ಅಂದು ಕೂಗಾಡುತ್ತಾ ಕೇಳಿದ್ದಿರಿ, ಉತ್ತರಕ್ಕೆ ಕಾಯಲಿಲ್ಲ. ಈಗ ಹೇಳುತ್ತೇನೆ. ಬಾಟಲಿಯ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಪಾಲಿಮರ್ ಎಂದು ಬರೆದಿರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಹಾಗೆಂದರೇನು ಎಂದು ಅಕ್ಕನನ್ನು ಕೇಳಿದ್ದೆ. “ಕಾಟನ್ ಸೀರೆಗೆ ಗಂಜಿ ಹಾಕ್ತೀವಲ್ಲ, ಅಷ್ಟೇ ಕಣೆ. ಇದು ಕೂದ್ಲಿಗೆ ಹಾಕೋ ಗಂಜಿ” ಎಂದಿದ್ದಳು. ಬಾಟಲಿಯ ಸ್ಪಿರಿಟ್ಟು ಗಾಳಿಗೆ ಹಾರಿಹೋಗುತ್ತದೆ, ಹಾಲಿನ ಕೆನೆಗಿಂತ ತೆಳುವಾದ ಒಂದು ಪೊರೆ ಕೂದಲ ಮೇಲೆ ಉಳಿಯುತ್ತದೆ. ಆ ಪೊರೆ ಎಳೆಗೆ ಎಳೆಯನ್ನು ಹಿಡಿದುಕೊಳ್ಳುತ್ತದೆ. ಉಗುರಿನ ಪಾಲಿಷೂ ಇದೇ ಜಾತಿ, ನೀರಿಗೆ ಅಳಿಸದ ಕಣ್ಣುಕಪ್ಪೂ ಇದೇ ಜಾತಿ. ನಿಮ್ಮ ವೇದಿಕೆಯ ಮೇಲಿನ ಆ ಕೆಂಪು ಸಿಂಹಾಸನದ ವಾರ್ನಿಷು ದೂರದ ದಾಯಾದಿ. ನಮ್ಮ ಸ್ಪ್ರೇಯ ಪೊರೆ ಪಾಪದ್ದು. ಬಿಸಿನೀರು ಬಿದ್ದರೆ ನೆನೆದು ಬಿಟ್ಟುಬಿಡುತ್ತದೆ. ಮೊದಲು ಬಿಸಿನೀರು, ಆಮೇಲೆ ಬೇಕಾದರೆ ಎಣ್ಣೆ. ಇಷ್ಟೇ ಶಾಸ್ತ್ರ.

ಆದರೆ ಮದುವೆಯ ಬೆಳಗಿನ ಶಾಸ್ತ್ರ ತಿರುಗುಮುರುಗು. ಮೊದಲು ಎಣ್ಣೆ, ಆಮೇಲೆ ನೀರು. ಆದ್ದರಿಂದಲೇ ನಾನು ಬೆಳಕು ಹರಿಯುವ ಮೊದಲೇ ನಿಮ್ಮ ಆಫೀಸಿನ ಬಾಗಿಲಿಗೆ ಬಂದೆ. ನೀವು ಮರೆತಿರಬಹುದು, ನಾನು ಮರೆತಿಲ್ಲ.

“ಸಾರ್, ಬಾಯ್ಲರ್ ಹಚ್ಚಿಸ್ತೀರಾ? ಹುಡುಗಿ ತಲೆ ತೊಳೀಬೇಕು.”

“ಐದೂವರೆಗಮ್ಮ.”

“ಸಾರ್, ಎಣ್ಣೆ ಶಾಸ್ತ್ರಕ್ಕೆ ಮುಂಚೆ ತೊಳೀದಿದ್ರೆ ಗಂಟಾಗತ್ತೆ. ಒಂದು ಬಕೆಟ್ ಸಾಕು.”

“ನಿಂಗೊಂದು ಬಕೆಟ್, ಅವ್ರಿಗೊಂದು ಬಕೆಟ್. ಸೌದೆ ಏನು ನಿಮ್ಮಪ್ಪ ತಂದ್ಹಾಕ್ತಾನಾ? ರೂಲ್ಸ್ ಅಂದ್ರೆ ರೂಲ್ಸ್.”

ನಮ್ಮಪ್ಪನನ್ನು ಸೌದೆಯ ವಿಚಾರದಲ್ಲಿ ನೆನೆದದ್ದಕ್ಕೆ ಧನ್ಯವಾದಗಳು. ಅಡುಗೆಮನೆಯಲ್ಲಿ ಕೇಳಿದೆ. ಅಲ್ಲಿ ಉಪ್ಪಿಟ್ಟಿಗೆ ಎಸರಿಟ್ಟಿದ್ದರು, ಒಲೆ ಬಿಡಲಿಲ್ಲ. ನಾನು ಹಿಂತಿರುಗಿ ಬರುವಷ್ಟರಲ್ಲಿ ಹುಡುಗಿಯ ಸೋದರತ್ತೆ ಸಿದ್ದಗಂಗಮ್ಮನವರು ಬಟ್ಟಲು ಎಣ್ಣೆಯನ್ನು ಅವಳ ನೆತ್ತಿಗೆ ಸುರಿದು ತಟ್ಟುತ್ತಿದ್ದರು. ಚೌರಿಯ ಗಂಟು ಬಿಚ್ಚಿರಲಿಲ್ಲ. “ಎಣ್ಣೆಗೆ ಬಿಡದ ಗಂಟು ಯಾವ್ದೇ ಹುಡ್ಗಿ? ಬಾಗಿಲಿನ ಚಿಲ್ಕಾನೇ ಬಿಡತ್ತೆ” ಎಂದರು. ಚಿಲಕ ಬಿಡುತ್ತದೆ, ಸ್ಪ್ರೇ ಬಿಡುವುದಿಲ್ಲ. ಗಂಜಿ ಸೀರೆಯನ್ನು ಎಣ್ಣೆಯಲ್ಲಿ ಅದ್ದಿ ಒಗೆಯುವವರುಂಟೇ? ಪೊರೆಯ ಮೇಲೆ ಎಣ್ಣೆ ಕುಳಿತು, ಅದರ ಮೇಲೆ ಸೀಗೆಪುಡಿ ಕುಳಿತು, ಚೌರಿಯೂ ಕೂದಲೂ ಸೇರಿ ಹಲಸಿನ ಅಂಟಿನ ಉಂಡೆಯಾಯಿತು. ನಿಮ್ಮ ಬಿಸಿನೀರು ಬಂದಾಗ ಅದು ಯಾವ ನೀರಿಗೂ ಬಗ್ಗುವ ಸ್ಥಿತಿಯಲ್ಲಿರಲಿಲ್ಲ. ಹೊರಗೆ ವಾಲಗದವರು ಶ್ರುತಿ ಕೂಡಿಸುತ್ತಿದ್ದರು. ಸಿದ್ದಗಂಗಮ್ಮನವರೇ ಕತ್ತರಿ ಕೇಳಿದರು. ಚೌರಿಯನ್ನು ಕತ್ತರಿಸಿ ಬಿಡಿಸಿದೆವು. ಹುಡುಗಿಯ ಸ್ವಂತ ಕೂದಲು ಒಂದೆಳೆಯೂ ಹೋಗಲಿಲ್ಲ.

ಅದನ್ನು ಮುಚ್ಚಿಡುವಷ್ಟು ಪುರಸೊತ್ತು ನಮಗೆ ಸಿಗಲಿಲ್ಲ. ಮೋರಿ ಕಟ್ಟಿಕೊಂಡಿದೆ ಎಂದು ಯಾರೋ ದೂರು ಕೊಟ್ಟರು, ನೀವೇ ಖುದ್ದಾಗಿ ಬಂದಿರಿ. ಆ ಕೂದಲ ಉಂಡೆಯನ್ನು ಕೋಲಿನ ತುದಿಯಲ್ಲಿ ಎತ್ತಿ, ಗಂಡಿನ ತಾಯಿ ಕಾಫಿ ಕುಡಿಯುತ್ತಿದ್ದ ಪಡಸಾಲೆಗೇ ತಂದು, “ಇದ್ಯಾರ ಕೆಲ್ಸ?” ಎಂದು ಗುಡುಗಿದಿರಿ. ಹುಡುಗಿಯ ತಾಯಿ ಅಕ್ಕನ ಮುಖ ನೋಡಿದರು. ಅಕ್ಕ ಕಣ್ಣಿನಲ್ಲೇ ಹೂಂ ಎಂದಳು. ಆಮೇಲೆ ಆ ತಾಯಿ ಹೇಳಿದರು: “ಪಾರ್ಲರಿನವ್ರು ಅದೇನೋ ಸ್ಪ್ರೇ ಹೊಡ್ದು ನಮ್ಮ ಮಗಳ ಕೂದ್ಲು ಹಾಳ್ಮಾಡಿದ್ರು. ಕತ್ತರಿಸ್ದೆ ವಿಧಿ ಇರ್ಲಿಲ್ಲ.” ಗಂಡಿನ ತಾಯಿ ಲೋಟ ಕೆಳಗಿಟ್ಟು ಓಡಿಬಂದು ಹುಡುಗಿಯನ್ನು ತಬ್ಬಿಕೊಂಡರು. “ಹೋಗ್ಲಿ ಬಿಡಮ್ಮ, ಬೆಳೆಯತ್ತೆ.” ಟೈಫಾಯ್ಡಿನ ತಲೆ ಒಂದೇ ಮಾತಿಗೆ ಸ್ಪ್ರೇಯ ತಲೆಯಾಯಿತು, ಮದುವೆ ನಡೆಯಿತು. ನೀವು ಗಂಡಿನ ಕಡೆಯವರೆದುರಿಗೆ ಅಕ್ಕನನ್ನು ಗೇಟಿನವರೆಗೆ ಬೈದುಕೊಂಡು ಬಂದಿರಿ.

ಬಸ್ ಸ್ಟಾಪಿನಲ್ಲಿ ನಾನು ಕುದಿಯುತ್ತಿದ್ದೆ. “ಈಗ್ಲೇ ಹೋಗಿ ಹೇಳ್ತೀನಿ ಅಕ್ಕ, ಅದು ಚೌರಿ ಅಂತ.”

“ಹೇಳು. ಹೇಳಿ ಆ ಹುಡ್ಗೀನ ಹಸೆಮಣೆಯಿಂದ ಎಬ್ಬಿಸ್ಕೊಂಡು ಬಾ.”

“ಮತ್ತೆ ನಿನ್ನ ಹೆಸ್ರು?”

“ನನ್ನ ಹೆಸ್ರು ಬಸ್ಸಿನ ಬೋರ್ಡಿದ್ದ ಹಾಗೆ ಕಣೆ. ಇವತ್ತು ಅಳಿಸಿದ್ರೆ ನಾಳೆ ಬರ್ಕೊಳ್ಳೋಣ. ಬಾಯ್ಮುಚ್ಚು.”

ನಾಳೆ ಬರೆದುಕೊಳ್ಳಲು ನೀವು ಬಿಡಲಿಲ್ಲ. ಬೇರೆ ಬೋರ್ಡು ಬರೆಸಿದಿರಿ.

ಈಗೇಕೆ ಬಾಯಿ ಬಿಟ್ಟೆ ಎನ್ನುತ್ತೀರೇನೋ. ಹೋದ ತಿಂಗಳು ಬನಶಂಕರಿ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಿದಳು. ಕಂಕುಳಲ್ಲಿ ಮಗು, ಬೆನ್ನ ಮೇಲೆ ಅವಳದೇ ಜಡೆ. ಅಕ್ಕ ಹೇಗಿದ್ದಾರೆ ಎಂದು ಕೇಳಿದಳು. ನನಗೆ ಸುಳ್ಳು ಬರುವುದಿಲ್ಲವಲ್ಲ, ಫಲಕದ ಕಥೆ ಹೇಳಿದೆ. ಅವಳ ಮುಖ ಬಾಡಿತು. “ನಂಗೆ ಗೊತ್ತೇ ಇರ್ಲಿಲ್ಲ ಜಯಾ. ಬರೆದು ಹಾಕು, ಎಲ್ಲಾರ್ಗೂ ಗೊತ್ತಾಗ್ಲಿ.”

“ನಿಮ್ಮ ಮನೆಯೋರು?”

ಅವಳು ನಗತೊಡಗಿದಳು. ಧಾರೆಯ ದಿನ ಜೀರಿಗೆ-ಬೆಲ್ಲವನ್ನು ಗಂಡಿನ ತಲೆಯ ಮೇಲೆ ಇಟ್ಟಾಗಲೇ ಅವಳಿಗೆ ಅನುಮಾನ ಬಂದಿತ್ತಂತೆ. ಬೆಲ್ಲದ ಹಸಿ ತಾಗಿದ ಕಡೆ ಅವನ ಕ್ರಾಪು ಹಲಗೆಯಂತೆ ಒಂದೇ ತುಂಡಾಗಿ ಪಕ್ಕಕ್ಕೆ ಸರಿಯಿತು. ಕೆಳಗೆ ನುಣ್ಣನೆಯ ನೆತ್ತಿ. ಒಂದು ಬದಿಯ ಕೂದಲನ್ನು ಉದ್ದ ಬೆಳೆಸಿ, ಮೇಲಕ್ಕೆ ಎಳೆದು, ಜೆಲ್ ಹಚ್ಚಿ ಕೂರಿಸಿದ್ದನಂತೆ. “ಮೊದಲ್ನೇ ವಾರಾನೇ ನಾನು ಚೌರಿ ವಿಷ್ಯ ಹೇಳ್ಬಿಟ್ಟೆ. ಅವ್ರು ಜೆಲ್ ಡಬ್ಬಿ ತಂದು ಮುಂದಿಟ್ರು. ಅತ್ತೇಗೂ ಗೊತ್ತು. ಹಬ್ಬ ಬಂದ್ರೆ ನನ್ನ ಹೊಸ ಚೌರೀನ ಅವ್ರೇ ಮೊದ್ಲು ಕಟ್ಕೋತಾರೆ.”

ನೋಡಿದಿರಾ ಮಾನ್ಯರೇ? ಆ ದಿನ ನಿಮ್ಮ ಮಂಟಪದಲ್ಲಿ ಎರಡು ಕುಟುಂಬಗಳು ಒಂದೇ ಗುಟ್ಟನ್ನು ಎರಡು ತಲೆಯ ಮೇಲೆ ಹೊತ್ತು, ಒಬ್ಬರಿಗೊಬ್ಬರು ಹೆದರಿಕೊಂಡು ಕುಳಿತಿದ್ದವು. ಅವರು ಬೇಗನೆ ಒಬ್ಬರನ್ನೊಬ್ಬರು ಕ್ಷಮಿಸಿ ನಕ್ಕರು. ಶಿಕ್ಷೆ ಇನ್ನೂ ನಡೆಯುತ್ತಿರುವುದು ಇಂದ್ರಾಣಿ ಅಕ್ಕನಿಗೆ ಮಾತ್ರ, ಅವಳ ತಲೆಯ ಮೇಲೆ ಅವಳದೇ ಕೂದಲಿದೆ.

ಇನ್ನು ರಾಸಾಯನಿಕದ ಮೇಲಿನ ನಿಮ್ಮ ಕೋಪದ ವಿಷಯ. ಫಲಕ ಏಳುವ ಮೊದಲು ನಡೆದ ಮಂಟಪದ ವಾರ್ಷಿಕೋತ್ಸವದ ಗ್ರೂಪ್ ಫೋಟೊದ ದಿನ ನೆನಪಿದೆಯೇ? ನೀವು ವಧುವಿನ ಕೋಣೆಯ ಬಾಗಿಲಲ್ಲಿ ನಿಂತು ಅಕ್ಕನನ್ನು ಮೆಲ್ಲಗೆ ಕರೆದಿರಿ. “ಮೀಸೆ ಕೆಳಗೆ ಬೀಳ್ತಿದೆಯಮ್ಮ. ಸ್ವಲ್ಪ ನಿಲ್ಲೋ ಹಾಗೆ ಏನಾದ್ರೂ ಹಚ್ಚು.” ಅಕ್ಕ ಹತ್ತಿಗೆ ಸ್ಪ್ರೇ ಹೊಡೆದು, ಎರಡೂ ತುದಿಗೆ ಒತ್ತಿ, ಮೇಲಕ್ಕೆ ತಿರುವಿಕೊಟ್ಟಳು. ಅದೇ ಬಾಟಲಿ, ಸಾರ್. ಅದೇ ಪೊರೆ. ಮೀಸೆ ಸಂಜೆಯವರೆಗೆ ನಿಂತಿತ್ತು, ಫೋಟೊ ಈಗಲೂ ನಿಮ್ಮ ಆಫೀಸಿನ ಗೋಡೆಯ ಮೇಲಿದೆ. ಆ ದಿನ ಯಾವ ಕಾವಲುಗಾರನೂ ನಿಮ್ಮನ್ನು ಗೇಟಿನಲ್ಲಿ ತಡೆಯಲಿಲ್ಲ. ತಡೆಯಬೇಕಿತ್ತು ಎಂದು ನಾನು ಹೇಳುವುದಿಲ್ಲ. ಮೀಸೆ ನಿಮಗೆ ಚೆನ್ನಾಗಿಯೇ ಒಪ್ಪಿತ್ತು.

ನೀವು ಕೆಟ್ಟವರೆಂದು ನನಗೆ ಅನಿಸಿಲ್ಲ. ಬಡವರ ಮನೆಯ ಮದುವೆಗೆ ಪಾತ್ರೆ ಬಾಡಿಗೆ ಬಿಟ್ಟುಕೊಟ್ಟದ್ದನ್ನು ಕಂಡಿದ್ದೇನೆ. ಒಂದು ಹುಡುಗಿಯ ಕೂದಲು ಹಾಳಾಯಿತೆಂದು ನಿಜವಾಗಿಯೇ ಹೊಟ್ಟೆಯುರಿದು ಆ ಫಲಕ ಬರೆಸಿದಿರಿ. ಈಗ ಹಾಳಾಗಿಲ್ಲ ಎಂದು ಗೊತ್ತಾಯಿತು. ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಫಲಕವನ್ನು ಇಳಿಸಿ. ಬೇರೆಯವರಿಂದಲ್ಲ, ಕೋಲು ಹಿಡಿದ ಆ ಕೈಯಿಂದಲೇ ಇಳಿಸಿ. ಮುಂದಿನ ಮುಹೂರ್ತಕ್ಕೆ ಇಂದ್ರಾಣಿ ಅಕ್ಕ ಬಂದಾಗ ಗೇಟಿನ ಬಳಿ ನೀವೇ ನಿಂತು, ಆ ಪಡಸಾಲೆಯಲ್ಲಿ ಕೂಗಿದಷ್ಟೇ ದೊಡ್ಡ ದನಿಯಲ್ಲಿ ‘ಬಾಮ್ಮ ಒಳಗೆ’ ಎನ್ನಿ. ಮತ್ತು ದಯವಿಟ್ಟು ಮದುವೆಯ ದಿನ ಬಾಯ್ಲರನ್ನು ನಾಲ್ಕು ಗಂಟೆಗೇ ಹಚ್ಚಿಸಿ. ಹೆಚ್ಚಿಗೆ ಸುಡುವುದು ಎರಡು ತುಂಡು ಸೌದೆ.

ಇದರಲ್ಲಿ ನನ್ನ ಸ್ವಾರ್ಥವೇನೂ ಇಲ್ಲ. ನಮ್ಮ ಮಾವ ಮರೆಪ್ಪ ಗದಗಿನ ಕಡೆ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಾನೆ. ಅಲ್ಲಿ ಬಣ್ಣ ಹಚ್ಚುವವರು ಬೇಕೆಂದು ನನ್ನನ್ನು ಕರೆದಿದ್ದಾನೆ. ರಾಜರಿಗೂ ಖಳನಾಯಕರಿಗೂ ಗೋಂದು ಹಚ್ಚಿ ಮೀಸೆ ಅಂಟಿಸುವ ಕೆಲಸ. ಅವು ಅಂಟಿಸಿದ ಮೀಸೆ ಎಂದು ಟಿಕೆಟ್ ಕೊಂಡವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಆ ಕೆಲಸ ನನಗೆ ಹಿಡಿಸಿದ್ದು ಅದಕ್ಕೇ.

ಇಂತಿ,
ಚೌರಿ ಕಟ್ಟಿದ ಕೈಯವಳು, ನಿಮ್ಮ ಫಲಕಕ್ಕೆ ಅರ್ಧ ಕಾರಣಳಾದವಳು,
ಜಯಾ
ಒಂಬತ್ತನೇ ತರಗತಿ, ಅರ್ಧಕ್ಕೆ

ಮರೆತೆ: ಉತ್ತರ ಬರೆಯುವುದಾದರೆ ಸಾರಕ್ಕಿಗೆ, ಅಕ್ಕನ ಹೆಸರಿಗೇ ಬರೆಯಿರಿ. ನಾನು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.