ಉಸಿರೆಲೆಯಲ್ಲಿ ಅಣ್ಣನ ಪಾಲು

ಚಿಕ್ಕೋಡಿ, ೨೧೮೪ನೇ ಇಸವಿ, ಎರಡನೇ ಶ್ರಾವಣದ ಇಪ್ಪತ್ತೆರಡನೇ ದಿನ

ನಮ್ಮನ್ನು ಎಂದೂ ಕಾಣದ ಹಿರಿಯರೇ,

ನಿಮ್ಮ ಕಾಲದ ಕನ್ನಡವನ್ನು ಹಳೆಯ ರೇಡಿಯೊ ದನಿಗಳಿಂದ ಕಲಿತವಳು ನಾನು. ಮಾತು ಒರಟಾಗಿ ಕೇಳಿಸಿದರೆ ಮನ್ನಿಸಿ.

ನಮ್ಮ ಬೇಸಿಗೆ ಎಂಟು ತಿಂಗಳಿನದು. ಬಿಸಿಲು ತಡೆಯಲು ಊರ ಮೇಲೆಲ್ಲ ನೆರಳುಬಲೆ ಹಾಸಿರುತ್ತೇವೆ. ಅದನ್ನು ನೇಯುವ ಬಲೆಗೇರಿಯವರ ಎದೆಗೆ ನೂಲಿನ ಧೂಳು ಇಳಿದು ಉಸಿರು ಕಟ್ಟುತ್ತದೆ. ನನ್ನ ಸೋದರತ್ತೆ ರತ್ನವ್ವ ಆ ಕೇರಿಯವಳು. ನನ್ನ ಅಣ್ಣ ಡಾಕ್ಟರ್ ಜಿನದತ್ತ ಅವರಿಗಾಗಿಯೇ ಉಸಿರೆಲೆ ಕಂಡುಹಿಡಿದ. ಎದೆಗೆ ಅಂಟಿಸುವ, ಅಂಗೈ ಅಗಲದ ಔಷಧಿಹಾಳೆ ಅದು. ತಯಾರಿಸುವ ಕಂಪನಿಯಲ್ಲಿ ಅವನಿಗೆ ಪಾಲಿತ್ತು. ಅದನ್ನು ರೋಗಿಗಳ ಮೇಲೆ ಪರೀಕ್ಷಿಸುವವನೂ ಅವನೇ.

ಇಂಥ ಲಾಭವಿರುವ ವೈದ್ಯರು ನಮ್ಮಲ್ಲಿ ತೋಳಿಗೆ ಹಳದಿ ಹಂಗುಪಟ್ಟಿ ಕಟ್ಟಿಕೊಂಡೇ ರೋಗಿಯ ಮುಂದೆ ನಿಲ್ಲಬೇಕು. ಹಳದಿ ಕಂಡ ಜನ ಹಿಂದೆ ಸರಿದರು. ಅತ್ತೆ ಒಪ್ಪಿದರೆ ಕೇರಿಯೇ ಒಪ್ಪುತ್ತದೆಂದು ಅಣ್ಣನಿಗೆ ಗೊತ್ತಿತ್ತು. ಒಂದು ಭಾನುವಾರ ಪಟ್ಟಿಯಿಲ್ಲದೆ ಅವಳ ಮನೆಗೆ ಹೊರಟ. ರೊಟ್ಟಿ ಉಣ್ಣಲು ಹೋಗುತ್ತಿದ್ದೇವೆಂದುಕೊಂಡು ನಾನೂ ಜೊತೆಗೆ ಹೋದೆ.

ಅತ್ತೆ ಎಲೆಯನ್ನು ತಿರುಗಿಸಿ ನೋಡಿ, "ದತ್ತು, ಇದರಾಗ ನಿಂದೇನರ ಪಾಲ ಐತೇನೋ?" ಎಂದಳು.

"ನಂದ್ಯಾವ ಪಾಲ ಅತ್ತಿ? ನೀ ಆರಾಮಾದ್ರ ಸಾಕು."

ಅವಳು ಅಂಟಿಸಿಕೊಂಡಳು. ಹಿಂದೆಯೇ ಕೇರಿಯವರೂ. ಕೆಲವೇ ವಾರಗಳಲ್ಲಿ ಹಲವರ ಉಸಿರು ಇನ್ನಷ್ಟು ಬಿಗಿಯಾಯಿತು. ಅಣ್ಣ, "ಧೂಳಿನ ಕಾಲ ಅತ್ತಿ, ತೆಗೀಬ್ಯಾಡ," ಎಂದ. ವರದಿಯಲ್ಲೂ ಧೂಳೆಂದೇ ಬರೆದ. ಕೊನೆಗೆ ನಿಪ್ಪಾಣಿಯಿಂದ ಬಂದ ವೈದ್ಯೆಯೊಬ್ಬರು ಎಲೆ ಕಿತ್ತೆಸೆದ ಮೇಲೆ ಅತ್ತೆ ಉಳಿದಳು. ಪಕ್ಕದ ಮನೆಯ ನೇಕಾರ ಚನ್ನಮಲ್ಲ ಅಷ್ಟರಲ್ಲಿ ತೀರಿಕೊಂಡಿದ್ದ.

ಆ ಸಾವಿನ ವಿಚಾರಣೆಗೆ ಬಂದ ಅಧಿಕಾರಿಗಳು ಅತ್ತೆಯನ್ನು, ಏನೂ ಕೇಳದೆ ಹೇಗೆ ಒಪ್ಪಿದಿರಿ ಎಂದು ಕೇಳಿದರು. ಅವಳು ಏದುಸಿರಿನಲ್ಲೇ ಹೇಳಿದಳು: "ಕೇಳೀನ್ರಿ. ನಾ ಕೇಳಿದ್ದು ಡಾಕ್ಟರನ್ನ. ಉತ್ತರ ಕೊಟ್ಟಾಂವ ನಮ್ಮಣ್ಣನ ಮಗ."

ಅಣ್ಣನ ವೈದ್ಯವೃತ್ತಿ ಅಲ್ಲಿಗೆ ಮುಗಿಯಿತು.

ಚನ್ನಮಲ್ಲನ ಹೆಂಡತಿ ಸಂತೆಯಲ್ಲಿ ಎದುರಾದರೆ ನಾನು ಪಕ್ಕದ ಓಣಿಗೆ ತಿರುಗುತ್ತೇನೆ. ಮೊನ್ನೆ ಅವಳೇ ತಡೆದು ನಿಲ್ಲಿಸಿ, "ನಿಮ್ಮತ್ತಿ ಹೆಂಗದಾರವಾ?" ಎಂದು ಕೇಳಿದಳು.

ನಿಮ್ಮಲ್ಲಿ ವೈದ್ಯರಾಗಿರುವವರಿಗೆ ನನ್ನದೊಂದು ಬೇಡಿಕೆ. ನಿಮಗೆ ಲಾಭವಿರುವ ಮದ್ದಾದರೆ, ರೋಗಿ ಕೇಳುವ ಮೊದಲೇ ಹೇಳಿಬಿಡಿ. ಅದರ ಪರೀಕ್ಷೆಯನ್ನು ಬೇರೆಯವರ ಕೈಗೆ ಕೊಡಿ. ಹಾಗೆ ಮಾಡಿದರೆ ನಿಮ್ಮ ತಂಗಿ ಸಂತೆಗೆ ನೆಟ್ಟಗಿನ ದಾರಿಯಲ್ಲೇ ಹೋಗಿ ಬಂದಾಳು.

ನಾಚಿಕೆಯಿಂದ,
ಚೇಲನಾ ಉಪಾಧ್ಯೆ